ಪ್ರಶ್ನೋತ್ತರ: ಬಾಲ್ಯದ ನಿರ್ಲಕ್ಷ್ಯ, ಅಟ್ಯಾಚ್‌ಮೆಂಟ್ ಮತ್ತು ದೊಡ್ಡವರ ಮಾನಸಿಕ ಆರೋಗ್ಯ

(ಈ ವಾರ ಉತ್ತರಿಸುವವರು ಒಬ್ಬರು ಕ್ಲಿನಿಕಲ್ ಸೈಕಾಲಜಿಸ್ಟ್, ಒಬ್ಬರು ಮನೋವೈದ್ಯೆ. ಅಟ್ಯಾಚ್‌ಮೆಂಟ್ ಅಂದರೆ ಮಗುವಿಗೂ ಅದನ್ನು ನೋಡಿಕೊಳ್ಳುವವರಿಗೂ ನಡುವೆ ಬೆಳೆಯುವ ಬಾಂಧವ್ಯ. ವೈಯಕ್ತಿಕ ವಿವರ, ಹೆಸರು, ಫೋನ್ ನಂಬರ್ ಹಾಕಬೇಡಿ.)

ಪ್ರಶ್ನೆ – ಪದವಿ ಕಾಲೇಜಿನ ಆಪ್ತಸಮಾಲೋಚಕಿ: ಹೊಡೆತ ಇಲ್ಲ, ಬೈಗುಳ ಇಲ್ಲ, ಊಟ-ಬಟ್ಟೆ-ಫೀಸಿಗೆ ಕೊರತೆ ಇರಲಿಲ್ಲ. ಅಂಥ ಮನೆಯಿಂದ ಬಂದವರಿಗೂ 'ಭಾವನಾತ್ಮಕ ನಿರ್ಲಕ್ಷ್ಯ' ಅಂತ ಬರೆಯುವುದನ್ನು ನೋಡಿದ್ದೇನೆ. ಅಳತೆಗೋಲು ಯಾವುದು? ಹಳೇ ಕಾಲದ ಅಪ್ಪ-ಅಮ್ಮಂದಿರೆಲ್ಲ ಹಾಗೇ ಇದ್ದರಲ್ಲವೇ?

ಸೈಕಾಲಜಿಸ್ಟ್: ಕೊನೆಯ ಮಾತಿನಲ್ಲಿ ಅರ್ಧ ಸತ್ಯ ಇದೆ. ಮುದ್ದು ಮಾಡದ, ಮಾತು ಕಮ್ಮಿ ಇರುವ ಅಪ್ಪ ನಿರ್ಲಕ್ಷ್ಯ ಮಾಡಿದ ಅಂತ ಹೇಳಲಾಗದು. ಮಗು ಜ್ವರದಲ್ಲಿ ನರಳಿದ ರಾತ್ರಿ ಎದ್ದು ಕೂತವನು ಅವನೇ ಆಗಿದ್ದರೆ ಮಗುವಿಗೆ ಮುಟ್ಟಬೇಕಾದದ್ದು ಮುಟ್ಟಿರುತ್ತದೆ. ನಾವು ಹುಡುಕುವುದು ಮೂರು ಸಂಗತಿ: ಮಗುವಿನ ಸಂಕಟ ಯಾರ ಕಣ್ಣಿಗಾದರೂ ಬಿತ್ತೇ, ಬಿದ್ದ ಮೇಲೆ ಅವರು ಏನಾದರೂ ಮಾಡಿದರೇ, ಇದು ವರ್ಷಗಟ್ಟಲೆ ಹೇಗೆ ನಡೆಯಿತು. ಬಡತನ, ಎರಡು ಪಾಳಿ ದುಡಿಯುವ ತಾಯಿ – ಇಷ್ಟರಿಂದಲೇ ನಿರ್ಲಕ್ಷ್ಯ ಅನ್ನುವುದು ಅನ್ಯಾಯ.

'ನಿಮ್ಮನ್ನು ಪ್ರೀತಿಸುತ್ತಿದ್ದರಾ?' ಎಂದು ಕೇಳಬೇಡಿ, ಹೂಂ ಎಂದೇ ಉತ್ತರ ಬರುತ್ತದೆ. ಸನ್ನಿವೇಶ ಕೊಟ್ಟು ಕೇಳಿ: ಎಂಟು ವರ್ಷದಲ್ಲಿ ರಾತ್ರಿ ಹೆದರಿಕೆಯಾದರೆ ಯಾರನ್ನು ಎಬ್ಬಿಸುತ್ತಿದ್ದಿರಿ? ಪರೀಕ್ಷೆ ಕೆಟ್ಟದ್ದನ್ನು ಮೊದಲು ಯಾರಿಗೆ ಹೇಳಿದಿರಿ? ಅತ್ತರೆ ಮುಂದಿನ ಹತ್ತು ನಿಮಿಷ ಏನಾಗುತ್ತಿತ್ತು? ಮುಟ್ಟಾದಾಗ ಯಾರು ತಿಳಿಸಿ ಹೇಳಿದರು? ಸಂತೋಷದ ಸುದ್ದಿ ತಂದಾಗ ಮನೆಯಲ್ಲಿ ಯಾರಾದರೂ ತಲೆ ಎತ್ತಿ ನೋಡುತ್ತಿದ್ದರಾ? ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಉತ್ತರಗಳು 'ಯಾರೂ ಇಲ್ಲ', 'ನಾನೇ ನೋಡಿಕೊಳ್ಳುತ್ತಿದ್ದೆ' ಎಂದು ಒಂದರ ಹಿಂದೊಂದು ಬಂದರೆ ಬರೆದುಕೊಳ್ಳಿ. ಅಜ್ಜಿ, ಅತ್ತೆ, ಪಕ್ಕದ ಮನೆಯವರು, ಟೀಚರ್ – ಯಾರಾದರೂ ಒಬ್ಬರು ಆಸರೆಯಾಗಿದ್ದರಾ ಅಂತ ಅಷ್ಟೇ ಶ್ರದ್ಧೆಯಿಂದ ಕೇಳಿ. ಒಬ್ಬರಿದ್ದರೂ ಚಿತ್ರ ಬದಲಾಗುತ್ತದೆ.

ಪ್ರಶ್ನಾವಳಿ ಬೇಕಿದ್ದರೆ ಚೈಲ್ಡ್‌ಹುಡ್ ಟ್ರಾಮಾ ಕ್ವೆಶ್ಚನೇರ್ ಇದೆ: 28 ಪ್ರಶ್ನೆ, ಐದು ವಿಭಾಗ. ಭಾವನಾತ್ಮಕ ನಿರ್ಲಕ್ಷ್ಯದ ವಿಭಾಗದಲ್ಲಿ ಕೆಟ್ಟದ್ದನ್ನು ಕೇಳುವುದಿಲ್ಲ. ಮನೆಯಲ್ಲಿ ಒಬ್ಬರಿಗೊಬ್ಬರು ಹತ್ತಿರವಿದ್ದರೇ, ಬೆಂಬಲ ಸಿಗುತ್ತಿತ್ತೇ ಎಂದು ಒಳ್ಳೆಯದನ್ನು ಕೇಳಿ ಅಂಕಗಳನ್ನು ತಿರುಗಿಸಿ ಎಣಿಸುತ್ತಾರೆ. ತಿರುಗಿಸಲು ಮರೆತರೆ ಫಲಿತಾಂಶ ತಲೆಕೆಳಗಾಗುತ್ತದೆ. ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲಿ ಈ ತಪ್ಪು ಸಾಮಾನ್ಯ.

ಇನ್ನೊಂದು ಒಳ್ಳೆಯ ಉಪಾಯ ಅಡಲ್ಟ್ ಅಟ್ಯಾಚ್‌ಮೆಂಟ್ ಇಂಟರ್‌ವ್ಯೂನಲ್ಲಿದೆ. ತಾಯಿಯ ಜೊತೆಗಿನ ಸಂಬಂಧಕ್ಕೆ ಐದು ವಿಶೇಷಣ ಹೇಳಿಸಿ, ಒಂದೊಂದಕ್ಕೂ ಒಂದು ನೆನಪು ಕೇಳುತ್ತಾರೆ. ತಂದೆಗೂ ಹಾಗೇ. 'ತುಂಬಾ ಪ್ರೀತಿ' ಅಂದವರು ಒಂದೂ ಘಟನೆ ಹೇಳಲಾಗದೆ 'ಎಲ್ಲ ಅಮ್ಮಂದಿರ ಹಾಗೆ' ಎನ್ನುತ್ತಾ ಸುತ್ತಿದರೆ ಆ ಅಂತರವೇ ಮಾಹಿತಿ. ಪೂರ್ತಿ ಸಂದರ್ಶನಕ್ಕೆ ಸುಮಾರು ಒಂದು ಗಂಟೆ ಬೇಕು. ಅಂಕ ಹಾಕಲು ಪ್ರತ್ಯೇಕ ತರಬೇತಿ ಬೇಕು, ಅದಿಲ್ಲದೆ ವರ್ಗ ಹೆಸರಿಸಬೇಡಿ.

ಪ್ರಶ್ನೆ: ಆನ್‌ಲೈನ್ ಕ್ವಿಜ್‌ನಲ್ಲಿ 'ಆಂಕ್ಷಿಯಸ್', 'ಅವಾಯ್ಡೆಂಟ್' ಅಂತ ಬರುತ್ತಲ್ಲ, ಅದನ್ನು ನಂಬಬಹುದಾ? ಗಂಡ-ಹೆಂಡತಿ ಇಬ್ಬರೂ ತೆಗೆದುಕೊಂಡು ಜಗಳಕ್ಕೆ ಅದನ್ನೇ ಕಾರಣ ಮಾಡಿಕೊಳ್ಳುತ್ತಿದ್ದಾರೆ.

ಸೈಕಾಲಜಿಸ್ಟ್: ಆ ಹೆಸರುಗಳು ಹುಟ್ಟಿದ್ದು 12ರಿಂದ 18 ತಿಂಗಳ ಕೂಸುಗಳನ್ನು ನೋಡಿ. ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಉಗಾಂಡದಲ್ಲಿ ತಾಯಿ-ಮಗುವನ್ನು ಮನೆಗಳಲ್ಲೇ ಗಮನಿಸಿ, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ 'ಸ್ಟ್ರೇಂಜ್ ಸಿಚುಯೇಶನ್' ರೂಪಿಸಿದರು. ಮೂರು ಮೂರು ನಿಮಿಷದ ಹಂತಗಳು, ಒಟ್ಟು ಸುಮಾರು 20 ನಿಮಿಷ. ತಾಯಿ ಎರಡು ಬಾರಿ ಹೊರಗೆ ಹೋಗಿ ವಾಪಸ್ ಬರುತ್ತಾಳೆ. ಮಗು ಎಷ್ಟು ಅತ್ತಿತು ಎಂಬುದಕ್ಕಿಂತ, ಆಕೆ ಬಂದ ಮೇಲೆ ಹತ್ತಿರ ಹೋಗಿ ಸಮಾಧಾನಗೊಂಡು ಮತ್ತೆ ಆಟಕ್ಕೆ ಮರಳಿತೇ ಎಂಬುದು ಮುಖ್ಯ. ಸಮಾಧಾನವಾಗುವ ಮಗು (ಸುರಕ್ಷಿತ), ಮುಖ ತಿರುಗಿಸುವ ಮಗು (ಅವಾಯ್ಡೆಂಟ್), ಅಂಟಿಕೊಂಡೂ ಸಿಡುಕುವ ಮಗು (ಆಂಕ್ಷಿಯಸ್) – ಹೀಗೆ ಮೂರು ಗುಂಪು. ಹತ್ತಿರ ಬರುತ್ತಲೇ ಹೆಪ್ಪುಗಟ್ಟಿದಂತೆ ನಿಲ್ಲುವ, ಗೊಂದಲದ ನಾಲ್ಕನೆಯ ಗುಂಪನ್ನು ಮೇರಿ ಮೇನ್ ಮತ್ತು ಜೂಡಿತ್ ಸಾಲಮನ್ 1980ರ ದಶಕದಲ್ಲಿ ಸೇರಿಸಿದರು.

ದೊಡ್ಡವರ ಪ್ರೇಮಸಂಬಂಧಕ್ಕೆ ಇದನ್ನು ಅನ್ವಯಿಸಿದ್ದು 1987ರಲ್ಲಿ ಹಜಾನ್ ಮತ್ತು ಶೇವರ್. ಈಗ ಸಂಶೋಧನೆಯಲ್ಲಿ ಹೆಚ್ಚು ಬಳಸುವ ಪ್ರಶ್ನಾವಳಿಗೆ 36 ಪ್ರಶ್ನೆ. ಅದು ಯಾರನ್ನೂ ಗುಂಪಿಗೆ ಹಾಕುವುದಿಲ್ಲ, ಎರಡು ಅಳತೆ ಕೊಡುತ್ತದೆ: ಕೈಬಿಟ್ಟು ಹೋಗುತ್ತಾರೆಂಬ ಆತಂಕ ಎಷ್ಟು, ಹತ್ತಿರವಾಗುವುದರಿಂದ ಹಿಂಜರಿತ ಎಷ್ಟು. ಒಬ್ಬರಲ್ಲಿ ಎರಡೂ ಹೆಚ್ಚಿರಬಹುದು. ಗಂಡನ ಜೊತೆ ಒಂದು ರೀತಿ, ಗೆಳತಿಯ ಜೊತೆ ಇನ್ನೊಂದು ರೀತಿ ಇರಬಹುದು. ಒಂದು ವರ್ಷದ ಮಗುವಿನ ಗುಂಪಿನಿಂದ ಅದೇ ವ್ಯಕ್ತಿ ಮೂವತ್ತರಲ್ಲಿ ಹೇಗಿರುತ್ತಾನೆ ಎಂದು ಹೇಳಲು ಹೋದರೆ ಸಂಬಂಧ ಬಲು ದುರ್ಬಲ.

ಇದು ರೋಗನಿರ್ಣಯವೂ ಅಲ್ಲ. 'ರಿಆಕ್ಟಿವ್ ಅಟ್ಯಾಚ್‌ಮೆಂಟ್ ಡಿಸಾರ್ಡರ್' ಎಂಬುದು ಪಟ್ಟಿಯಲ್ಲಿದೆ ನಿಜ, ಆದರೆ ಅದು ತೀವ್ರ ನಿರ್ಲಕ್ಷ್ಯಕ್ಕೆ ಒಳಗಾಗಿ ಐದು ವರ್ಷದೊಳಗೇ ಲಕ್ಷಣ ಕಾಣಿಸಿಕೊಂಡ ಮಕ್ಕಳಿಗೆ ಮಾತ್ರ. ಮೆಸೇಜ್‌ಗೆ ತಡವಾಗಿ ಉತ್ತರಿಸುವ ಗಂಡನಿಗಲ್ಲ. ಆ ದಂಪತಿಗೆ ಕ್ವಿಜ್ ಬದಿಗಿಟ್ಟು ಕಳೆದ ಒಂದೇ ಜಗಳವನ್ನು ಹಂತ ಹಂತವಾಗಿ ಬರೆಯಲು ಹೇಳಿ: ಯಾರು ಏನು ಕೇಳಿದರು, ಇನ್ನೊಬ್ಬರು ಏನೆಂದು ತಿಳಿದರು, ಆಗ ಏನು ಮಾಡಿದರು. ಒಬ್ಬರು ಬೆನ್ನುಹತ್ತುತ್ತಾರೆ, ಇನ್ನೊಬ್ಬರು ಹಿಂದೆ ಸರಿಯುತ್ತಾರೆ, ಸರಿದಷ್ಟೂ ಬೆನ್ನುಹತ್ತುವುದು ಜಾಸ್ತಿ. ಈ ಚಕ್ರ ಕಾಗದದ ಮೇಲೆ ಕಂಡರೆ ಲೇಬಲ್‌ಗಿಂತ ಉಪಯೋಗ.

ಪ್ರಶ್ನೆ – ಅಂಗನವಾಡಿ ಮೇಲ್ವಿಚಾರಕಿ: ನಮ್ಮ ಕಡೆ ಮಗುವನ್ನು ಅಜ್ಜಿ ಮನೆಯಲ್ಲಿ ಬಿಟ್ಟು ತಾಯಿ ಬೆಂಗಳೂರಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಕೂಡುಕುಟುಂಬದಲ್ಲಿ ಹತ್ತು ಜನ ಎತ್ತಿ ಆಡಿಸುತ್ತಾರೆ. ತಾಯಿಯೇ ಇರದಿದ್ದರೆ ಮಗು ಕೆಡುತ್ತದೆಂಬ ಈ ಸಿದ್ಧಾಂತ ನಮಗೆ ಹೊಂದುತ್ತದಾ?

ಸೈಕಾಲಜಿಸ್ಟ್: ಸಿದ್ಧಾಂತ ಈಗ ಹಾಗೆ ಹೇಳುವುದಿಲ್ಲ. ಅಟ್ಯಾಚ್‌ಮೆಂಟ್ ಸಿದ್ಧಾಂತ ಕಟ್ಟಿದ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿಯಲ್ಲಿ ತಾಯಿಯ ಮೇಲೆ ಒತ್ತು ಹೆಚ್ಚಿತ್ತು. ಈಗಿನ ತಿಳಿವಳಿಕೆ ಬೇರೆ: ಮಗುವಿಗೆ ಹಲವರ ಜೊತೆ ಬಾಂಧವ್ಯ ಬೆಳೆಯುತ್ತದೆ, ಅದರಲ್ಲಿ ಒಂದು ಕ್ರಮಾಂಕ ಇರುತ್ತದೆ, ಅಜ್ಜಿಯೇ ಮೊದಲಿರಬಹುದು. ಎಂಟು ದೇಶಗಳ 32 'ಸ್ಟ್ರೇಂಜ್ ಸಿಚುಯೇಶನ್' ಅಧ್ಯಯನಗಳನ್ನು 1988ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ದೇಶ-ದೇಶಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ದೇಶದೊಳಗಿನ ವ್ಯತ್ಯಾಸವೇ ದೊಡ್ಡದಾಗಿತ್ತು. ಆ ಎಂಟರಲ್ಲಿ ಭಾರತ ಇರಲಿಲ್ಲ ಎಂಬುದನ್ನೂ ಹೇಳಬೇಕು.

ಹತ್ತು ಜನ ಇದ್ದಾರೆ ಎಂಬುದರಿಂದ ಸಮಾಧಾನಪಡಬೇಡಿ. ಅತ್ತಾಗ ಬರುವವರು ಯಾರು, ನಿನ್ನೆ ಬಂದವರೇ ಇವತ್ತೂ ಬರುತ್ತಾರಾ ಎಂದು ನೋಡಿ. ಎಲ್ಲರೂ ಎತ್ತಿಕೊಳ್ಳುತ್ತಾರೆ, ಯಾರ ಹೊಣೆಯೂ ಅಲ್ಲ ಅನ್ನುವ ಮನೆಗಳಿವೆ.

ಅಜ್ಜಿ ಮನೆ ವಿಷಯದಲ್ಲಿ ನಾವು ಕಡೆಗಣಿಸುವುದು ವಾಪಸಾತಿಯನ್ನು. ಒಂದು ವರ್ಷದಿಂದ ಐದು ವರ್ಷದವರೆಗೆ ಅಜ್ಜಿಯ ಮಡಿಲಲ್ಲಿದ್ದ ಮಗುವನ್ನು ಯುಕೆಜಿಗೆ ಸೇರಿಸಲು ಒಂದೇ ದಿನ ಬಸ್ ಹತ್ತಿಸಿದರೆ, ದೊಡ್ಡವರ ಲೆಕ್ಕದಲ್ಲಿ ಮಗು 'ಅಮ್ಮನ ಹತ್ತಿರ ಬಂತು'. ಮಗುವಿನ ಲೆಕ್ಕದಲ್ಲಿ ತಾಯಿಯಂತಿದ್ದವಳು ಮಾಯವಾದಳು. ಅದಕ್ಕೆ ಅತ್ತರೆ 'ಅಮ್ಮ ಇದ್ದಾಳಲ್ಲ, ಯಾಕೆ ಅಳ್ತೀಯ' ಎಂಬ ಗದರಿಕೆ. ಮಾಡಬೇಕಾದದ್ದು: ಒಂದೆರಡು ತಿಂಗಳು ಮೊದಲಿಂದ ತಾಯಿ ಹಲವು ಬಾರಿ ಬಂದು ಊಟ, ಸ್ನಾನ, ಮಲಗಿಸುವುದನ್ನು ತಾನೇ ಮಾಡಲಿ. ಸ್ಥಳಾಂತರದ ಮೊದಲ ಎರಡು ವಾರ ಅಜ್ಜಿಯೂ ಜೊತೆಗಿರಲಿ. ಅದೇ ಹೊದಿಕೆ, ಅದೇ ತಟ್ಟೆ ಬರಲಿ. ಆಮೇಲೆ ದಿನವೂ ಒಂದೇ ಹೊತ್ತಿಗೆ ಫೋನ್. ಮಗು ನಿದ್ದೆ ಮಾಡುವಾಗ ಕದ್ದು ಹೊರಡುವುದು ಬೇಡ: ಅತ್ತರೂ ಸರಿ, ಹೇಳಿಯೇ ಹೊರಡಬೇಕು. ಕದ್ದು ಹೊರಟರೆ ಮಗು ನಿದ್ದೆಗೇ ಹೆದರತೊಡಗುತ್ತದೆ.

ಪ್ರಶ್ನೆ – ಸ್ಟಾಫ್ ನರ್ಸ್: ಚಿಕ್ಕಂದಿನಲ್ಲಿ ಆದದ್ದು ಇಪ್ಪತ್ತು ವರ್ಷದ ನಂತರ ಖಿನ್ನತೆಯಾಗಿ ಯಾಕೆ ಕಾಣಿಸಿಕೊಳ್ಳುತ್ತದೆ? ನಡುವೆ ಚೆನ್ನಾಗಿಯೇ ಇರುತ್ತಾರಲ್ಲ?

ಮನೋವೈದ್ಯೆ: ಇದಕ್ಕೆ ಗಟ್ಟಿ ಪುರಾವೆ ರೊಮೇನಿಯಾದ್ದು. 1989ರ ಡಿಸೆಂಬರ್‌ನಲ್ಲಿ ಸರ್ವಾಧಿಕಾರಿ ಚೌಶೆಸ್ಕು ಸರ್ಕಾರ ಬಿದ್ದಾಗ ಅಲ್ಲಿನ ಅನಾಥಾಲಯಗಳಲ್ಲಿ ಮಕ್ಕಳು ತುಂಬಿಹೋಗಿದ್ದರು. ಪಾಳಿಯ ಮೇಲೆ ಬದಲಾಗುವ ಆಯಾಗಳು, ಅಳುವಿಗೆ ಓಗೊಡುವವರಿಲ್ಲ. ಬ್ರಿಟನ್ನಿಗೆ ದತ್ತು ಹೋದ 165 ಮಕ್ಕಳನ್ನು ಮನೋವೈದ್ಯ ಮೈಕೆಲ್ ರಟ್ಟರ್ ತಂಡ ಹಿಂಬಾಲಿಸಿತು. ಆರು ತಿಂಗಳೊಳಗೆ ಹೊರಬಂದವರು ಬ್ರಿಟನ್ನಿನಲ್ಲೇ ಹುಟ್ಟಿ ದತ್ತು ಹೋದವರಂತೆಯೇ ಬೆಳೆದರು. ಅದಕ್ಕಿಂತ ಹೆಚ್ಚು ಕಾಲ ಅಲ್ಲಿದ್ದವರಲ್ಲಿ ಗಮನದ ಕೊರತೆ, ಅಪರಿಚಿತರ ಬಳಿ ಎಗ್ಗಿಲ್ಲದೆ ಹೋಗುವುದು ದೊಡ್ಡವರಾದರೂ ಉಳಿಯಿತು. ಬುದ್ಧಿಮಟ್ಟ ಸುಧಾರಿಸಿತು. ಖಿನ್ನತೆ-ಆತಂಕದ ಲಕ್ಷಣಗಳು ಬಾಲ್ಯದಲ್ಲಿ ಅಷ್ಟಾಗಿ ಇರಲಿಲ್ಲ, ಹದಿಹರೆಯದಿಂದಾಚೆಗೆ ಏರಿದವು. ನೀವು ಕೇಳಿದ ತಡ ಇದೇ. ಅದೇ ಗುಂಪಿನಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಯಾವ ಹಂತದಲ್ಲೂ ತೊಂದರೆ ಕಾಣಲಿಲ್ಲ.

ರೊಮೇನಿಯಾದ ರಾಜಧಾನಿ ಬುಕಾರೆಸ್ಟಿನಲ್ಲೇ, ಸಂಸ್ಥೆಗಳಲ್ಲಿದ್ದ 136 ಮಕ್ಕಳ ಇನ್ನೊಂದು ಅಧ್ಯಯನ ನಡೆಯಿತು. ಚೀಟಿ ಎತ್ತಿದಂತೆ ಅರ್ಧ ಮಕ್ಕಳನ್ನು ತರಬೇತಿ ಪಡೆದ ಪೋಷಕ ಕುಟುಂಬಗಳಿಗೆ ಕೊಟ್ಟರು. ಮೂರೂವರೆ ವರ್ಷದ ಹೊತ್ತಿಗೆ ಕುಟುಂಬಕ್ಕೆ ಹೋದವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಸುರಕ್ಷಿತ ಬಾಂಧವ್ಯ ಬೆಳೆದಿತ್ತು, ಸಂಸ್ಥೆಯ ಪಾಲಿಗೇ ಬಿದ್ದವರಲ್ಲಿ ಐದನೇ ಒಂದು ಪಾಲೂ ಇಲ್ಲ. ಎರಡು ವರ್ಷ ತುಂಬುವ ಮೊದಲು ಹೋದವರಿಗೆ ಲಾಭ ಹೆಚ್ಚು.

ಇವು ತೀರಾ ಕಠೋರ ಸ್ಥಿತಿಯ ಉದಾಹರಣೆಗಳು, ಮಾತಾಡದ ಅಪ್ಪನ ಮನೆಗೆ ಹಾಗೇ ಅಂಟಿಸಬಾರದು. ತತ್ವ ಮಾತ್ರ ಉಪಯೋಗಕ್ಕೆ ಬರುತ್ತದೆ. ಸಣ್ಣ ಮಗು ತನ್ನ ಗಾಬರಿಯನ್ನು ತಾನೇ ಇಳಿಸಿಕೊಳ್ಳಲಾರದು, ದೊಡ್ಡವರು ಇಳಿಸುತ್ತಾರೆ. ಸಾವಿರಾರು ಸಲ ಹಾಗಾದ ಮೇಲೆ ಮಗು ಕಲಿಯುತ್ತದೆ. ಯಾರೂ ಬರದಿದ್ದರೆ ಮಗು ಎರಡರಲ್ಲಿ ಒಂದು ದಾರಿ ಹಿಡಿಯುತ್ತದೆ: ಸಂಕೇತವನ್ನು ಜೋರು ಮಾಡುವುದು ಅಥವಾ ಸಂಕೇತ ಕಳಿಸುವುದನ್ನೇ ನಿಲ್ಲಿಸುವುದು. ಎರಡನೆಯವರನ್ನು ಶಾಲೆಯಲ್ಲಿ 'ಜಾಣ, ತೊಂದರೆ ಕೊಡದ ಮಗು' ಎನ್ನುತ್ತಾರೆ. ಕೆಲಸ, ಮದುವೆ, ಮಗು, ತಂದೆತಾಯಿಯ ಕಾಯಿಲೆ ಒಟ್ಟಿಗೆ ಬಂದಾಗ, ಅಂದರೆ ಸಹಾಯ ಕೇಳಲೇಬೇಕಾದ ವಯಸ್ಸಿನಲ್ಲಿ, ಅವರಿಗೆ ಕೇಳಲು ಬರುವುದಿಲ್ಲ. ಒಪಿಡಿಗೆ ಬರುವುದು ತಲೆನೋವು, ನಿದ್ದೆಯಿಲ್ಲ, ಸುಸ್ತು ಅಂತ. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ಬಿ12 ಮೊದಲು ನೋಡಿ. ಸುಸ್ತಿಗೆಲ್ಲ ಬಾಲ್ಯವೇ ಕಾರಣವಲ್ಲ.

2012ರಲ್ಲಿ ಹಲವು ಅಧ್ಯಯನ ಒಟ್ಟುಗೂಡಿಸಿ ನೋಡಿದಾಗ, ಬಾಲ್ಯದಲ್ಲಿ ದೌರ್ಜನ್ಯ-ನಿರ್ಲಕ್ಷ್ಯ ಕಂಡವರಲ್ಲಿ ಖಿನ್ನತೆ ಮರುಕಳಿಸುವ ಅಥವಾ ದೀರ್ಘವಾಗುವ ಸಾಧ್ಯತೆ ಸರಿಸುಮಾರು ದುಪ್ಪಟ್ಟು ಕಂಡಿತು. ಆದ್ದರಿಂದ ಮೊದಲ ಸಲ ಗುಣವಾದಾಗಲೇ ಮರುಕಳಿಕೆ ತಡೆಯುವ ಯೋಜನೆ ಮಾಡಿಕೊಡಿ.

ಮರುಪ್ರಶ್ನೆ: ಕಂಪನಿ ವರ್ಕ್‌ಶಾಪ್‌ಗಳಲ್ಲಿ 'ಏಸ್ ಸ್ಕೋರ್' (ಬಾಲ್ಯದ ಪ್ರತಿಕೂಲ ಅನುಭವಗಳ ಎಣಿಕೆ) ಕೂಡಿಸಿ ಕೈ ಎತ್ತಿಸುತ್ತಾರೆ. ನಾಲ್ಕು ದಾಟಿದರೆ ಅಪಾಯ ಅಂತ?

ಮನೋವೈದ್ಯೆ: ಮಾಡಬಾರದು. ಈ ಸ್ಕೋರ್ ಬಂದದ್ದು ಅಮೆರಿಕದ ಸ್ಯಾನ್ ಡಿಯಾಗೋದ ಅಧ್ಯಯನದಿಂದ, ಅದರ ವರದಿ 1998ರದ್ದು. ನಾಲ್ಕು ಅಥವಾ ಹೆಚ್ಚು ಪ್ರತಿಕೂಲ ಅನುಭವವಿದ್ದವರಲ್ಲಿ ಮದ್ಯವ್ಯಸನ, ಖಿನ್ನತೆ, ಆತ್ಮಹತ್ಯಾ ಪ್ರಯತ್ನದ ಅಪಾಯ 4ರಿಂದ 12 ಪಟ್ಟು ಎಂದಿತ್ತು. ಅದು ಜನಸಮೂಹದ ಸರಾಸರಿ. ಎಷ್ಟು ತೀವ್ರ, ಯಾವ ವಯಸ್ಸಿನಲ್ಲಿ, ಎಷ್ಟು ಕಾಲ ಎಂಬುದು ಆ ಅಂಕದಲ್ಲಿ ಇಲ್ಲ. ಒಬ್ಬ ವ್ಯಕ್ತಿಯ ಭವಿಷ್ಯ ಹೇಳಲು ಬಳಸಬೇಡಿ ಎಂದು ಆ ಅಧ್ಯಯನದ ಮುಖ್ಯಸ್ಥರಲ್ಲೊಬ್ಬರಾದ ರಾಬರ್ಟ್ ಆಂಡಾ ಅವರೇ 2020ರಲ್ಲಿ ಎಚ್ಚರಿಸಿದ್ದಾರೆ. ಸಹೋದ್ಯೋಗಿಗಳ ಮುಂದೆ ಕೈ ಎತ್ತಿಸುವುದಂತೂ ಕ್ರೌರ್ಯ.

ಪ್ರಶ್ನೆ: ಬಾಲ್ಯ ನೆನಪೇ ಇಲ್ಲ ಎನ್ನುವವರಿಗೆ ಸಮ್ಮೋಹನ ಮಾಡಿ ನೆನಪು ತೆಗೆಯಬಹುದಾ?

ಸೈಕಾಲಜಿಸ್ಟ್: ಬೇಡ. ಸಮ್ಮೋಹನದಲ್ಲಿ ಸುಳ್ಳು ನೆನಪು ಹುಟ್ಟುತ್ತದೆ, ನಂಬಿಕೆ ಮಾತ್ರ ನಿಜದಷ್ಟೇ ಗಟ್ಟಿಯಾಗಿರುತ್ತದೆ. ಅಗತ್ಯವೂ ಇಲ್ಲ. ಬಾಲ್ಯದಲ್ಲೇ ದಾಖಲಾದ ದೌರ್ಜನ್ಯ-ನಿರ್ಲಕ್ಷ್ಯವನ್ನೂ ದೊಡ್ಡವರಾದ ಮೇಲೆ ಅವರೇ ಹೇಳಿದ್ದನ್ನೂ 2019ರಲ್ಲಿ ಹೋಲಿಸಿದಾಗ ಎರಡು ಪಟ್ಟಿಗಳಲ್ಲಿ ಹೆಚ್ಚಾಗಿ ಬೇರೆ ಬೇರೆ ಜನರೇ ಇದ್ದರು. ಅದರ ಮರುವರ್ಷದ ಅಧ್ಯಯನದಲ್ಲಿ ಮಾನಸಿಕ ತೊಂದರೆ ಹೆಚ್ಚು ಬೆಸೆದುಕೊಂಡಿದ್ದು ವ್ಯಕ್ತಿ ತಾನು ಅನುಭವಿಸಿದೆ ಎಂದು ಹೇಳಿದ್ದಕ್ಕೆ. ಜೊತೆಗೆ, ನಿರ್ಲಕ್ಷ್ಯ ಅಂದರೆ ನಡೆಯದೆ ಹೋದದ್ದು. ಅಗೆದರೆ ಸಿಗುವ ಘಟನೆ ಅಲ್ಲಿ ಇರುವುದೇ ಇಲ್ಲ. ಚಿಕಿತ್ಸೆಗೆ ಇವತ್ತಿನ ಸಾಮಗ್ರಿ ಸಾಕು: ಈ ವಾರ ಯಾರ ಹತ್ತಿರ ಏನು ಬೇಕಿತ್ತು, ಕೇಳಿದಿರಾ, ಯಾಕೆ ಕೇಳಲಿಲ್ಲ.

ಪ್ರಶ್ನೆ – ಎಂಎಸ್‌ಡಬ್ಲ್ಯು ವಿದ್ಯಾರ್ಥಿ: ಹಾಗಾದರೆ ಚಿಕಿತ್ಸೆ ಹೇಗಿರುತ್ತದೆ? ಎಲ್ಲಿ ಕೆಡುತ್ತದೆ?

ಸೈಕಾಲಜಿಸ್ಟ್: ಮೊದಲ ಭೇಟಿಯಲ್ಲಿ ಈಗಿನ ತೊಂದರೆ, ಆತ್ಮಹತ್ಯೆಯ ಯೋಚನೆ, ಮದ್ಯ, ನಿದ್ದೆ. ಪಿಎಚ್‌ಕ್ಯು-9 (ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ) ತುಂಬಿಸಿ: ಒಟ್ಟು 27 ಅಂಕ, 10 ಅಥವಾ ಹೆಚ್ಚು ಬಂದರೆ ಗಮನಿಸಬೇಕಾದ ಖಿನ್ನತೆ. ಎರಡು-ಮೂರು ವಾರಕ್ಕೊಮ್ಮೆ ಮತ್ತೆ ತುಂಬಿಸಿ. 5 ಅಂಕ ಇಳಿದರೆ ಸುಧಾರಣೆ ನಿಜ. ಸಾಯುವ ಯೋಚನೆಯ ಬಗ್ಗೆ ಇರುವ ಒಂಬತ್ತನೇ ಪ್ರಶ್ನೆಯನ್ನು ಅಲ್ಲೇ, ಅವರು ಎದುರಿಗಿರುವಾಗಲೇ ಓದಿ.

ವಾರಕ್ಕೊಂದು ಭೇಟಿ, 45-50 ನಿಮಿಷ. ಮೊದಲ ಎಂಟು ವಾರ ಭಾವನೆ ಗುರುತಿಸುವುದು ಮತ್ತು ಕೇಳುವುದನ್ನು ಕಲಿಯುವುದಕ್ಕೇ ಮೀಸಲು. ಮನೆಪಾಠ ಹೀಗೆ: ದಿನಕ್ಕೆ ಮೂರು ಸಲ, ಊಟಕ್ಕೆ ಮುಂಚೆ ಎರಡು ನಿಮಿಷ ಬರೆಯಬೇಕು – ದೇಹದಲ್ಲಿ ಏನಾಗುತ್ತಿದೆ, ಭಾವನೆಯ ಹೆಸರು, ತೀವ್ರತೆ 0ರಿಂದ 10, ಈಗ ಏನು ಬೇಕು. ಮೊದಲ ವಾರ 'ಏನೂ ಇಲ್ಲ' ಅಂತಲೇ ಪುಟ ತುಂಬುತ್ತದೆ. ಸೋಮಾರಿತನ ಅಂದುಕೊಳ್ಳಬೇಡಿ, ದೇಹದ ಕಾಲಂ ಮಾತ್ರ ತುಂಬಿಸಲು ಹೇಳಿ. ಭುಜ ಬಿಗಿ, ಹೊಟ್ಟೆ ಹಸಿವು ಅಷ್ಟು ಸಾಕು, ಭಾವನೆಯ ಹೆಸರು ಆಮೇಲೆ ಬರುತ್ತದೆ. ಮೂರನೇ ವಾರದಿಂದ ತೀವ್ರತೆ 2-3 ಇರುವಾಗ ಸಣ್ಣ ಕೋರಿಕೆ ಒಂದು. ಸಮಯ, ಅಳತೆ ಸ್ಪಷ್ಟವಾಗಿರಬೇಕು: 'ಇವತ್ತು ಊಟ ಆದಮೇಲೆ ಹತ್ತು ನಿಮಿಷ ಫೋನ್ ಬದಿಗಿಟ್ಟು ನನ್ನ ಮಾತು ಕೇಳ್ತೀಯಾ?' 'ನೀನು ನನ್ನ ಕಡೆ ಗಮನವೇ ಕೊಡಲ್ಲ' ಎಂಬುದು ಕೋರಿಕೆಯಲ್ಲ, ಆರೋಪ.

ಕೆಡುವುದು ಇಲ್ಲಿ. ತೀವ್ರತೆ 9ಕ್ಕೆ ಏರುವವರೆಗೆ ಸುಮ್ಮನಿದ್ದು ಆಮೇಲೆ ಸಿಡಿಯುತ್ತಾರೆ. ಬಾಯಿ ಬಿಡದೆ 'ಅರ್ಥ ಮಾಡಿಕೊಳ್ತಾರಾ ನೋಡೋಣ' ಎಂದು ಪರೀಕ್ಷೆ ಇಡುತ್ತಾರೆ, ಎದುರಿನವರಿಗೆ ಪರೀಕ್ಷೆ ನಡೆಯುತ್ತಿದೆ ಎಂದೇ ತಿಳಿದಿರುವುದಿಲ್ಲ. ಯಾವತ್ತೂ ಕೊಡದವರ ಬಳಿಯೇ ಮೊದಲ ಕೋರಿಕೆ ಇಟ್ಟು, ಸಿಗದೇ ಹೋದಾಗ 'ನೋಡಿದಿರಾ' ಅನ್ನುತ್ತಾರೆ. ಕೊಡುವ ಸಾಧ್ಯತೆ ಇರುವವರಿಂದ ಶುರುಮಾಡಿಸಿ.

ಚಿಕಿತ್ಸಕರ ಕಡೆಯ ತಪ್ಪುಗಳೂ ಇವೆ. ಮೊದಲ ದಿನವೇ ಬಾಲ್ಯ ಕೆದಕಿದರೆ ಎರಡನೇ ಭೇಟಿಗೆ ಜನ ಬರುವುದಿಲ್ಲ. 'ಒಳ್ಳೆಯ ರೋಗಿ'ಗೆ ಮೋಸಹೋಗಬೇಡಿ: ಹೋಂವರ್ಕ್ ನೀಟು, ಪ್ರತಿ ಸಲ 'ಚೆನ್ನಾಗಿದೀನಿ ಸರ್', ಪಿಎಚ್‌ಕ್ಯು ಮಾತ್ರ 17ರಲ್ಲೇ ನಿಂತಿರುತ್ತದೆ. ಕಣ್ಣುಮುಚ್ಚಿ ಅರ್ಧ ಗಂಟೆ ಧ್ಯಾನ ಕೊಟ್ಟರೆ ಕೆಲವರು ಮರಗಟ್ಟಿಹೋಗುತ್ತಾರೆ, ತಾನು ಎಲ್ಲಿದ್ದೇನೆ ಎಂಬ ಪರಿವೆ ತಪ್ಪುತ್ತದೆ. ಕಣ್ಣು ತೆರೆದು, ಪಾದ ನೆಲಕ್ಕೂರಿ, ಎರಡು-ಮೂರು ನಿಮಿಷ ಸಾಕು. ನಿಮ್ಮ ರಜೆಯನ್ನು ಮೂರು-ನಾಲ್ಕು ವಾರ ಮೊದಲೇ ದಿನಾಂಕ ಸಮೇತ ಹೇಳಿ. ಹಿಂದಿನ ಸಂಜೆ ಮೆಸೇಜ್ ಹಾಕಿ ಹೋದರೆ, ಅವರು ಏನೂ ಅನ್ನದೆ 'ಪರವಾಗಿಲ್ಲ' ಎಂದು ಬರೆದು ಆಮೇಲೆ ಬರುವುದನ್ನೇ ನಿಲ್ಲಿಸುತ್ತಾರೆ.

ಮನೋವೈದ್ಯೆ: ಔಷಧದ ಬಗ್ಗೆ. ಖಿನ್ನತೆ ಮಧ್ಯಮ-ತೀವ್ರ ಇದ್ದರೆ ಎಸ್ಸಿಟಲೋಪ್ರಾಮ್, ಸರ್ಟ್ರಲೀನ್ ಥರದ ಮಾತ್ರೆ ಸಹಾಯ ಮಾಡುತ್ತದೆ. 2-4 ವಾರದಲ್ಲಿ ಪರಿಣಾಮ ಶುರು, ಸರಿಯಾದ ಪ್ರಮಾಣದಲ್ಲಿ 4-6 ವಾರ ನೋಡಿ ತೀರ್ಮಾನ. ಪೂರ್ತಿ ಗುಣವಾದ ಮೇಲೂ ಕನಿಷ್ಠ 6 ತಿಂಗಳು, ಪದೇ ಪದೇ ಬರುವವರಿಗೆ 2 ವರ್ಷ ಅಥವಾ ಹೆಚ್ಚು. ಹಠಾತ್ ನಿಲ್ಲಿಸಬಾರದು. ಆತಂಕ ಇಳಿಸುವ ಅಲ್ಪ್ರಾಜೋಲಾಮ್, ಕ್ಲೋನಾಜೆಪಾಮ್ ಮಾತ್ರೆಗಳು 2-4 ವಾರ ಮೀರಿದರೆ ಅವಲಂಬನೆಯ ಭಯ. ಮನುಷ್ಯರನ್ನು ನಂಬಲು ಕಷ್ಟಪಡುವವರಿಗೆ ಮಾತ್ರೆಯನ್ನು ನಂಬುವುದು ಸುಲಭ, ಹಾಗಾಗಿ ಇಲ್ಲಿ ಹೆಚ್ಚು ಎಚ್ಚರ ಬೇಕು. ದೀರ್ಘಕಾಲದ ಖಿನ್ನತೆಯ 2003ರ ಅಧ್ಯಯನವೊಂದರಲ್ಲಿ, ಬಾಲ್ಯದ ಆಘಾತವಿದ್ದವರಿಗೆ ಮಾತ್ರೆಯೊಂದಕ್ಕಿಂತ ಮಾತಿನ ಚಿಕಿತ್ಸೆ ಹೆಚ್ಚು ಫಲ ಕೊಟ್ಟಿತು. 'ಬಾಲ್ಯ ಕೆಟ್ಟವರಿಗೆ ಚಿಕಿತ್ಸೆ ಹತ್ತುವುದಿಲ್ಲ' ಎಂಬ ಮಾತನ್ನು 2022ರ ದೊಡ್ಡ ವಿಶ್ಲೇಷಣೆ ಅಲ್ಲಗಳೆದಿದೆ. ಅವರು ಹೆಚ್ಚು ತೀವ್ರ ಲಕ್ಷಣದೊಂದಿಗೆ ಬರುತ್ತಾರೆ, ಆದರೆ ಸುಧಾರಣೆ ಇತರರಷ್ಟೇ ಆಗುತ್ತದೆ.

ಪ್ರಶ್ನೆ: ಅಪ್ಪ-ಅಮ್ಮನ ಮುಂದೆ ಕೂತು ಎಲ್ಲ ಹೇಳಿಬಿಡಬೇಕಾ? ರೀಲ್ಸ್‌ಗಳಲ್ಲಿ ಹಾಗೇ ಹೇಳುತ್ತಾರೆ. ಸಂಬಂಧ ಕಡಿದುಕೊಳ್ಳಿ ಅಂತಲೂ.

ಸೈಕಾಲಜಿಸ್ಟ್: ಚಿಕಿತ್ಸೆಗೆ ಅದು ಕಡ್ಡಾಯ ಅಲ್ಲ. ಮೊದಲು ಒಂದು ವಾಕ್ಯದಲ್ಲಿ ಬರೆಯಿರಿ: ಹೇಳಿದ ಮೇಲೆ ಏನಾಗಬೇಕು? 'ತಪ್ಪಾಯಿತು ಅನ್ನಬೇಕು' ಎಂದಿದ್ದರೆ ಮುಂದೂಡಿ, ಏಕೆಂದರೆ 'ನಿನಗೇನು ಕಮ್ಮಿ ಮಾಡಿದ್ವಿ' ಎಂಬ ಉತ್ತರಕ್ಕೇ ಸಾಧ್ಯತೆ ಹೆಚ್ಚು. ಅವರ ಲೆಕ್ಕದಲ್ಲಿ ಫೀಸು ಕಟ್ಟಿದ್ದೇ ಪ್ರೀತಿ, ಅದು ಸುಳ್ಳೂ ಅಲ್ಲ. 'ಇನ್ನು ಮುಂದೆ ನನ್ನ ಸಂಬಳದ ವಿಷಯ ನೆಂಟರ ಮುಂದೆ ತೆಗೆಯಬೇಡಿ' ಎಂಬಂಥ ಮುಂದಿನ ನಡತೆಯ ಕೋರಿಕೆಯಾದರೆ ಹೇಳಿ: ಒಬ್ಬರ ಹತ್ತಿರ, ಒಂದೇ ವಿಷಯ, ಹತ್ತು ನಿಮಿಷ. ಮದುವೆ ಮನೆಯಲ್ಲಿ, ಹಬ್ಬದ ದಿನ ಬೇಡ. ಹಿಂಸೆ ಈಗಲೂ ನಡೆಯುತ್ತಿದ್ದರೆ ಮಾತು ಬೇರೆ, ಅಲ್ಲಿ ದೂರವೇ ಮೊದಲ ಚಿಕಿತ್ಸೆ.

ಪ್ರಶ್ನೆ: ಇಂಥ ಬಾಲ್ಯ ಕಂಡವರ ಮಕ್ಕಳಿಗೂ ಇದು ದಾಟುತ್ತದಾ?

ಸೈಕಾಲಜಿಸ್ಟ್: ದಾಟಬಹುದು, ದಾಟಲೇಬೇಕೆಂದಿಲ್ಲ. ಕಷ್ಟದ ಬಾಲ್ಯವನ್ನು ಮುಚ್ಚಿಡದೆ, ಅದರಲ್ಲೇ ಮುಳುಗದೆ ಹೇಳಬಲ್ಲವರ ಮಕ್ಕಳಲ್ಲಿ ಸುರಕ್ಷಿತ ಬಾಂಧವ್ಯ ಹೆಚ್ಚು ಕಾಣುತ್ತದೆ. ಈ ಗುಂಪಿನ ಅಪ್ಪ-ಅಮ್ಮಂದಿರ ಕಷ್ಟ ಅತಿಕಾಳಜಿ: ಮಗು ಒಂದು ಸಲ ಅತ್ತರೂ 'ನಾನೂ ಹಾಗೇ ಮಾಡಿದೆ' ಎಂಬ ಭಯ. ಕೂಸುಗಳ ಮೇಲೆ ಸಂಶೋಧನೆ ಮಾಡಿದ ಎಡ್ವರ್ಡ್ ಟ್ರಾನಿಕ್ ಅವರ ಅವಲೋಕನದಲ್ಲಿ ಚೆನ್ನಾಗಿರುವ ತಾಯಿ-ಕೂಸು ಜೋಡಿಗಳೂ ಒಬ್ಬರಿಗೊಬ್ಬರು ಹೊಂದಿಕೊಂಡಿರುವುದು ಸುಮಾರು 30 ಶೇಕಡಾ ಹೊತ್ತು ಮಾತ್ರ. ಉಳಿದ ಹೊತ್ತು ತಪ್ಪುವುದು, ಸರಿಪಡಿಸುವುದು. ರೇಗಿದ ಮೇಲೆ ವಾಪಸ್ ಹೋಗಿ 'ಜೋರಾಗಿ ಕಿರುಚಿದೆ, ನಿನಗೆ ಹೆದರಿಕೆ ಆಯ್ತಲ್ಲ' ಅನ್ನಿ. ದಿನಕ್ಕೆ 10-15 ನಿಮಿಷ ಮಗು ಹೇಳಿದ ಆಟ, ನೀವು ಕಲಿಸುವಂತಿಲ್ಲ, ಪ್ರಶ್ನೆ ಕೇಳುವಂತಿಲ್ಲ, ಫೋನ್ ಬೇರೆ ಕೋಣೆಯಲ್ಲಿ.

ಪ್ರಶ್ನೆ: ತಾಲ್ಲೂಕಿನಲ್ಲಿರುವವರು ಎಲ್ಲಿಗೆ ಹೋಗಬೇಕು?

ಮನೋವೈದ್ಯೆ: ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, 14416. ಉಚಿತ, ದಿನದ 24 ಗಂಟೆ, ಕನ್ನಡದಲ್ಲಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. 'ಮನೋಚೈತನ್ಯ' ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಶಿಬಿರ ನಡೆಯುತ್ತದೆ, ನಿಮ್ಮ ಊರಿನದು ಯಾವ ಮಂಗಳವಾರವೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಬೆಂಗಳೂರಿನವರಿಗೆ ನಿಮ್ಹಾನ್ಸ್ ಇದೆ, ಬಿಟಿಎಂ ಬಡಾವಣೆಯಲ್ಲಿ ಅದರದ್ದೇ ವೆಲ್‌ಬೀಯಿಂಗ್ ಸೆಂಟರ್ ಕೂಡ.

ಖಾಸಗಿಯಾಗಿ ಹೋಗುವವರು ಕ್ಲಿನಿಕಲ್ ಸೈಕಾಲಜಿಸ್ಟರ ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಸಂಖ್ಯೆ ಕೇಳಿ, ಕೇಳಿದರೆ ಬೇಜಾರು ಮಾಡಿಕೊಳ್ಳುವವರಾದರೆ ಬೇರೆಯವರನ್ನು ನೋಡಿ. ಮೊದಲ ಭೇಟಿಗೆ ಈ ನಾಲ್ಕನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಈಗ ಏನು ತೊಂದರೆ, ಎಷ್ಟು ದಿನದಿಂದ, ಈಗಿನ ಮಾತ್ರೆಗಳು, ಸಾಯುವ ಯೋಚನೆ ಬರುತ್ತದೆಯೇ. ಬಾಯಲ್ಲಿ ಹೇಳಲಾಗದಿದ್ದರೆ ಚೀಟಿಯನ್ನೇ ಕೈಗೆ ಕೊಡಿ. ಸಾಯುವ ಯೋಚನೆಯ ಜೊತೆ ಹೇಗೆ, ಯಾವಾಗ ಎಂಬುದೂ ತಲೆಗೆ ಬಂದಿದ್ದರೆ ಮಂಗಳವಾರಕ್ಕೆ ಕಾಯಬೇಡಿ, ಅದೇ ದಿನ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.